ಓರೆಯಾಗಿ ಓಡುವ ಕಾರಿಗೆ ಯಾವ ಚಾಸಿಸ್?

ಕರಾವಳಿಯ ಕಂಬಳದ ಕೆನೆಹಲಗೆ ವಿಭಾಗದಲ್ಲಿ ಯಾವ ಜೋಡಿ ಕೋಣ ಬೇಗ ಗುರಿಯ ಮಂಜೊಟ್ಟಿ ಮುಟ್ಟಿತೆಂದು ಯಾರೂ ಗಡಿಯಾರ ನೋಡುವುದಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು 6½ ಕೋಲು, 7½ ಕೋಲು ಎತ್ತರದ ನಿಶಾನೆಯನ್ನು ತೋಯಿಸಿತೇ ಎಂಬುದೊಂದೇ ಲೆಕ್ಕ. ಕಾರುಗಳ ಲೋಕದಲ್ಲಿ ಡ್ರಿಫ್ಟ್ ಎಂಬ ಆಟ ಇದೇ ಜಾತಿಯದು. ಅಲ್ಲಿಯೂ ಮೊದಲು ತಲುಪಿದವನಿಗೆ ಬಹುಮಾನವಿಲ್ಲ. ಹಿಂಬದಿ ಜಾರಿ, ಮೂತಿ ಒಂದು ಕಡೆ, ಓಟ ಇನ್ನೊಂದು ಕಡೆಯಾಗಿ, ತಿರುವಿನುದ್ದಕ್ಕೂ ಆ ಓರೆಯನ್ನು ಎಷ್ಟು ಚೆಂದವಾಗಿ ಹಿಡಿದಿಟ್ಟ ಎಂಬುದಕ್ಕೆ ಅಂಕ.

ಈ ಆಟದ ಪುಟ್ಟ ರೂಪ ರಿಮೋಟಿನಿಂದ ಓಡುವ ಡ್ರಿಫ್ಟ್ ಕಾರು. ನಿಜವಾದ ಕಾರಿನ ಹತ್ತನೆಯ ಒಂದು ಅಳತೆ, ಒಂದೂವರೆ ಕಿಲೋ ಆಸುಪಾಸಿನ ತೂಕ, ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಟೈರು. ಕೋಟ, ಸಾಲಿಗ್ರಾಮ, ಕುಂದಾಪುರದ ಕಡೆ ಯಾರಾದರೂ ಮೊಬೈಲಿನಲ್ಲಿ ಇಂಥ ಓಟ ನೋಡಿ ತಾವೂ ಒಂದನ್ನು ಕಟ್ಟೋಣವೆಂದು ಹೊರಟರೆ ಎದುರಾಗುವ ಮೊದಲ ಪ್ರಶ್ನೆ: ಚಾಸಿಸ್ ಯಾವುದು? ಕೇಳಿದವರಿಗೆಲ್ಲ ಒಂದೊಂದು ಉತ್ತರವಿರುತ್ತದೆ, ಉತ್ತರದ ಹಿಂದೆ ಒಂದೊಂದು ಪಂಥವೂ ಇರುತ್ತದೆ.

ಈ ಹವ್ಯಾಸದಲ್ಲಿ ಚಾಸಿಸ್ ಎಂದರೆ ಲಾರಿಯವರು ಹೇಳುವ ಹಾಗೆ ಬರೀ ತಳದ ಚೌಕಟ್ಟಲ್ಲ. ತಳದ ತಟ್ಟೆ, ಗೇರುಪೆಟ್ಟಿಗೆ, ಸಸ್ಪೆನ್ಷನ್ನಿನ ತೋಳುಗಳು, ಸ್ಟಿಯರಿಂಗ್ ಜೋಡಣೆ ಎಲ್ಲ ಸೇರಿದ್ದು. ಮೇಲೆ ಕಾಣುವ ನಿಸ್ಸಾನ್ ಸಿಲ್ವಿಯಾವೋ ಟೊಯೊಟಾವೋ ತೆಳ್ಳನೆಯ ಪಾಲಿಕಾರ್ಬೊನೇಟ್ ಚಿಪ್ಪು. ಅದನ್ನು ಕಳಚಿ ಬೇರೆ ಚಾಸಿಸ್ಸಿಗೆ ಹೊದಿಸಬಹುದು. ಹಾಗಾಗಿ ಕಾರಿನ ಅಂದಕ್ಕೂ ಈ ಜಗಳಕ್ಕೂ ಸಂಬಂಧ ಕಡಿಮೆ.

ಘಟ್ಟದಿಂದ ಪೈಪಿನ ತುಂಡಿನವರೆಗೆ

1970ರ ದಶಕದ ಜಪಾನಿನಲ್ಲಿ ಕುನಿಮಿತ್ಸು ತಕಹಾಶಿ ಎಂಬ ರೇಸ್ ಚಾಲಕರು ತಿರುವಿನೊಳಕ್ಕೆ ಕಾರನ್ನು ಜಾರಿಸಿಕೊಂಡೇ ನುಗ್ಗುತ್ತಿದ್ದರು. ಅವರನ್ನು ಮೆಚ್ಚಿದ ಕೆಯಿಚಿ ತ್ಸುಚಿಯಾ ಆ ವಿದ್ಯೆಯನ್ನು ಬೆಟ್ಟದ ರಸ್ತೆಗಳಲ್ಲಿ ಪಳಗಿಸಿಕೊಂಡರು. 1987ರಲ್ಲಿ ಹೊರಬಂದ ಅವರ ವಿಡಿಯೊ ಆ ದೇಶದ ಹುಡುಗರ ತಲೆ ಕೆಡಿಸಿತು. 1995ರಲ್ಲಿ ಶುಇಚಿ ಶಿಗೆನೊ ಅವರ 'ಇನಿಶಿಯಲ್ ಡಿ' ಚಿತ್ರಕಥೆ ಶುರುವಾಯಿತು. ಅಪ್ಪನ ಅಂಗಡಿಯ ತೋಫು ಸಾಗಿಸುವ ಹುಡುಗ ಹಳೆಯ ಟೊಯೊಟಾ ಎಇ86 ಕಾರಿನಲ್ಲಿ ಘಟ್ಟದ ತಿರುವುಗಳಲ್ಲಿ ಎಲ್ಲರನ್ನೂ ಸೋಲಿಸುವ ಕಥೆ ಅದು. 2001ರ ಹೊತ್ತಿಗೆ ಡಿ1 ಗ್ರ್ಯಾನ್ ಪ್ರೀ ಎಂಬ ಸ್ಪರ್ಧಾ ಸರಣಿ ನಿಂತಿತು. ವೇಗ, ಓರೆಯ ಕೋನ, ಹಿಡಿದ ದಾರಿ ನೋಡಿ ಅಂಕ ಕೊಡುವ ಪದ್ಧತಿಗೆ ಅದು ರೂಪ ಕೊಟ್ಟಿತು.

ರಿಮೋಟ್ ಕಾರಿನ ಉದ್ದಿಮೆ ಅಲ್ಲಿ ಆಗಲೇ ಬಲಿತಿತ್ತು. ಶಿಜುಒಕಾದ ಟಮಿಯಾ ಕಂಪನಿ 1976ರಲ್ಲಿ ಪೋರ್ಶೆ 934 ಮಾದರಿಯನ್ನು ತಂದು ಲಕ್ಷಕ್ಕೂ ಮೀರಿ ಮಾರಿತ್ತು. 1990ರ ದಶಕದಲ್ಲಿ ಹತ್ತನೆಯ ಒಂದು ಅಳತೆಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 'ಟೂರಿಂಗ್ ಕಾರು'ಗಳು ಮನೆಮನೆಗೆ ಬಂದಿದ್ದವು. ಡ್ರಿಫ್ಟಿನ ಹುಚ್ಚು ಹತ್ತಿದವರ ಕೈಗೆ ಸಿಕ್ಕಿದ್ದು ಇವೇ ಕಾರುಗಳು. ಆದರೆ ನೆಲಕ್ಕೆ ಕಚ್ಚಿ ಹಿಡಿಯುವಂತೆ ಮಾಡಿದ ರಬ್ಬರು ಟೈರಿನ ಕಾರು ಜಾರುವುದೆಲ್ಲಿ? ಉಪಾಯ ಸಿಕ್ಕಿದ್ದು ನಲ್ಲಿ ಸಾಮಾನಿನ ಅಂಗಡಿಯಲ್ಲಿ: ಪ್ಲಾಸ್ಟಿಕ್ ಪೈಪನ್ನು ಬಳೆಯಂತೆ ಕತ್ತರಿಸಿ ಚಕ್ರಕ್ಕೆ ತೊಡಿಸಿದರೆ ಮುಗಿಯಿತು, ಕಾರು ಬೆಣ್ಣೆಯ ಮೇಲಿಟ್ಟಂತೆ ಜಾರುತ್ತದೆ. ಸ್ವಲ್ಪದರಲ್ಲೇ ಕಂಪನಿಗಳು ಎಚ್ಚೆತ್ತವು. ಯೊಕೊಮೊ ತನ್ನ ಟೂರಿಂಗ್ ಕಾರಿನ ಮೇಲೆಯೇ 'ಡ್ರಿಫ್ಟ್ ಪ್ಯಾಕೇಜ್' ಕಟ್ಟಿ ಮಾರಿತು. ಟಮಿಯಾ ಟಿಟಿ-01 ಚಾಸಿಸ್ಸಿಗೆ ಗಟ್ಟಿ ಟೈರು ಹಾಕಿ 'ಡಿ' ಎಂಬ ಅಕ್ಷರ ಸೇರಿಸಿತು. ಡ್ರಿಫ್ಟ್ ಚಾಸಿಸ್ ಎಂಬ ಪ್ರತ್ಯೇಕ ವಸ್ತು ಆಗ ಇರಲೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಟೈರು ಮೊದಲು ಬಂತು, ಚಾಸಿಸ್ ಆಮೇಲೆ.

ನಾಲ್ಕೂ ಚಕ್ರದವರು

ಅತ್ಯಂತ ಹಳೆಯ ಪಂಥ ಇದು. ಮುಂದಿನ ಎರಡು, ಹಿಂದಿನ ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗುವ ಚಾಸಿಸ್. ಆಟಗಾರರ ಬಾಯಲ್ಲಿ 'ಫಿಫ್ಟಿ-ಫಿಫ್ಟಿ'. ಹಿಂಬದಿ ಜಾರಿದಾಗಲೂ ಮುಂದಿನ ಚಕ್ರಗಳು ಕಾರನ್ನು ಎಳೆಯುತ್ತಲೇ ಇರುವುದರಿಂದ ಗಾಡಿ ಗಿರ್ರನೆ ಸುತ್ತಿ ನಿಲ್ಲುವುದು ಅಪರೂಪ. ಮೊದಲ ದಿನವೇ ಹುಡುಗನೊಬ್ಬ ನಾಲ್ಕು ಸುತ್ತು ಜಾರಿಸಿ ಖುಷಿಪಡಬಹುದು. ಟಮಿಯಾದ ಟಿಟಿ-02ಡಿ ಇವತ್ತಿಗೂ ಈ ಪಂಥದ ಪ್ರತಿನಿಧಿ: ಬಾನಿಯಂಥ ಪ್ಲಾಸ್ಟಿಕ್ ತಳ, ನಡುವೆ ಉದ್ದಕ್ಕೆ ಹಾದುಹೋಗುವ ಶಾಫ್ಟು, ಮುಚ್ಚಿದ ಗೇರುಪೆಟ್ಟಿಗೆ. ಬೆಲ್ಟಿನಿಂದ ಓಡುವ ಚಾಸಿಸ್ಸುಗಳು ಹಗುರ, ಸದ್ದೂ ಕಡಿಮೆ. ಆದರೆ ತೆರೆದ ಬೆಲ್ಟಿನ ಹಲ್ಲಿಗೆ ಒಂದು ಹರಳು ಸಿಕ್ಕಿದರೆ ಅಂದಿನ ಆಟ ಅಲ್ಲಿಗೇ ನಿಂತಿತು.

ಹಾಗಾದರೆ ದೂರು ಏನು? ನೋಟದ್ದು. ನಿಜವಾದ ಡ್ರಿಫ್ಟ್ ಕಾರು ಎಡಕ್ಕೆ ತಿರುಗುವಾಗ ಮುಂಚಕ್ರ ಬಲಕ್ಕೆ ಹೊರಳಿರುತ್ತದೆ. ಆಟದ ಸೊಗಸೆಲ್ಲ ಆ ಎದುರು ಹೊರಳಿನಲ್ಲಿದೆ. ಫಿಫ್ಟಿ-ಫಿಫ್ಟಿ ಕಾರಿನ ಮುಂಚಕ್ರವೋ ನೆಟ್ಟಗೆ ಇಲ್ಲವೇ ತಿರುವಿನ ಕಡೆಗೇ ನೋಡುತ್ತಿರುತ್ತದೆ. ಕಾರು ಜಾರುವುದು ಹೌದು, ಡ್ರಿಫ್ಟಿನಂತೆ ಕಾಣುವುದಿಲ್ಲ. ಜೊತೆಗೆ ಮುಂಚಕ್ರಕ್ಕೆ ಶಕ್ತಿ ಒಯ್ಯುವ ಕೀಲು ಒಂದು ಮಿತಿ ದಾಟಿದರೆ ಸಿಕ್ಕಿಕೊಳ್ಳುವುದರಿಂದ ಚಕ್ರವನ್ನು ತೀರಾ ಹೊರಳಿಸುವಂತೆಯೂ ಇಲ್ಲ.

ಹಿಂಬದಿಗೆ ಜಾಸ್ತಿ ವೇಗ

ಈ ದೂರಿಗೆ 2000ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಆಟಗಾರರು ಕಂಡುಕೊಂಡ ಉತ್ತರ ಜಾಣತನದ್ದು. ನಾಲ್ಕೂ ಚಕ್ರಕ್ಕೆ ಶಕ್ತಿ ಇರಲಿ, ಆದರೆ ಹಿಂದಿನ ಪುಲ್ಲಿ ಅಥವಾ ಗೇರು ಬದಲಿಸಿ ಹಿಂಚಕ್ರ ಹೆಚ್ಚು ತಿರುಗುವಂತೆ ಮಾಡೋಣ. ಅನುಪಾತ 1.5 ಎಂದರೆ ಮುಂಚಕ್ರ ಎರಡು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಮೂರು ಸುತ್ತು ಬಂದಿರುತ್ತದೆ. ಅಂಚಿಗೆ ಹೋದವರು ಎರಡರಾಚೆಗೂ ದಾಟಿದರು. ಹಿಂಬದಿ ಸದಾ ಜಾರುತ್ತಲೇ ಇರುತ್ತದೆ, ನಿಧಾನವಾದ ಮುಂಚಕ್ರ ಸ್ವಲ್ಪ ತಡೆಯುತ್ತಲೇ ಇರುತ್ತದೆ, ಚಾಲಕ ಎದುರು ಹೊರಳಿಸಲೇಬೇಕಾಗುತ್ತದೆ. ಇದಕ್ಕೆ ಕೌಂಟರ್‌ಸ್ಟೀರ್, ಚಿಕ್ಕದಾಗಿ ಸಿಎಸ್ ಎಂದು ಹೆಸರು. ಹಾಂಗ್‌ಕಾಂಗಿನ 3ರೇಸಿಂಗ್ ಕಂಪನಿಯ ಸಕುರಾ ಡಿ3 ಚಾಸಿಸ್ಸಿನಂಥವು ಈ ಪ್ರಯೋಗವನ್ನು ಸಾಮಾನ್ಯರ ಜೇಬಿಗೆ ಹತ್ತಿರ ತಂದವು.

ಈ ಪಂಥದ ಆಯುಸ್ಸು ಹೆಚ್ಚಿರಲಿಲ್ಲ. ಅನುಪಾತ ಏರಿದಂತೆ ಮುಂಚಕ್ರದ ಶಕ್ತಿ ಹೆಸರಿಗಷ್ಟೇ ಉಳಿಯಿತು. ಬೆಲ್ಟು ಸವೆಯಿತು, ಬ್ಯಾಟರಿ ಬರಿದಾಯಿತು. ಮುಂಚಕ್ರದ ಶಕ್ತಿಯನ್ನು ಪೂರ್ತಿ ಕಿತ್ತೇ ಹಾಕಿದರೆ ಹೇಗೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಆದರೂ ಸಿಎಸ್ ಕಾರು ಓಡಿಸಿ ಕಲಿತ ಹಳಬರು ಇಂದಿಗೂ ಅದನ್ನು ಬಿಟ್ಟುಕೊಡುವುದಿಲ್ಲ. ಯಾವ ಎಲೆಕ್ಟ್ರಾನಿಕ್ ನೆರವೂ ಇಲ್ಲದೆ ಬೆರಳಿನಿಂದಲೇ ಓರೆ ಹಿಡಿದೆವು ಎಂಬುದು ಅವರ ಹೆಮ್ಮೆ, ಅದರಲ್ಲಿ ಹುರುಳೂ ಇದೆ.

ಹಿಂಚಕ್ರ ಮತ್ತು ಗೈರೋ

ಹಿಂಚಕ್ರಕ್ಕೆ ಮಾತ್ರ ಶಕ್ತಿ ಕೊಟ್ಟ ಪುಟ್ಟ ಕಾರು ಗಟ್ಟಿ ಟೈರಿನ ಮೇಲೆ ಕ್ಷಣವೂ ನೆಟ್ಟಗೆ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದೊಡನೆ ಹಿಂದುಮುಂದಾಗಿ ನಿಲ್ಲುತ್ತದೆ. ಈ ತೊಡಕನ್ನು ಬಿಡಿಸಿದ ವಸ್ತು ಬಂದದ್ದು ಮಾದರಿ ಹೆಲಿಕಾಪ್ಟರುಗಳಿಂದ. ಅವುಗಳ ಬಾಲ ಸುತ್ತದಂತೆ ಕಾಯುತ್ತಿದ್ದ ಗೈರೋ ಎಂಬ ಪುಟ್ಟ ಪೆಟ್ಟಿಗೆಯನ್ನು ಕಾರಿನ ಸ್ಟಿಯರಿಂಗ್ ಸರ್ವೋ ಮೋಟಾರಿಗೆ ಜೋಡಿಸಿದರು. ಕಾರು ಎಷ್ಟು ಬೇಗ ಸುತ್ತುತ್ತಿದೆ ಎಂದು ಗೈರೋ ಅಳೆಯುತ್ತದೆ. ಅಷ್ಟಕ್ಕೆ ತಕ್ಕಂತೆ ಮುಂಚಕ್ರವನ್ನು ಎದುರಿಗೆ ಹೊರಳಿಸುತ್ತದೆ. ಎಷ್ಟು ಜೋರಾಗಿ ಹೊರಳಿಸಬೇಕೆಂಬ 'ಗೇನ್' ಚಾಲಕನ ಕೈಯಲ್ಲಿರುತ್ತದೆ. ಕಡಿಮೆಯಾದರೆ ಕಾರು ಸುತ್ತುತ್ತದೆ, ಹೆಚ್ಚಾದರೆ ಮುಂಚಕ್ರ ಚಳಿ ಹಿಡಿದಂತೆ ನಡುಗುತ್ತದೆ.

2016ರಲ್ಲಿ ಬಂದ ಯೊಕೊಮೊದ ವೈಡಿ-2 ಈ ಪಂಥವನ್ನು ಬೀದಿಗೆ ತಂದಿತು. ಮೊದಲಿನಿಂದಲೇ ಹಿಂಚಕ್ರಕ್ಕೆಂದು ಎಳೆದ ನಕ್ಷೆ, ಪ್ಲಾಸ್ಟಿಕ್ ತಳದ ಅಗ್ಗದ ರೂಪ, ಬೇಕಾದವರಿಗೆ ಗ್ರಾಫೈಟ್ ತಟ್ಟೆಯ ದುಬಾರಿ ರೂಪ. ತೈವಾನಿನ ಎಂಎಸ್‌ಟಿ ಕಂಪನಿಯ ಆರ್‌ಎಂಎಕ್ಸ್, ಜಪಾನಿನ ಓವರ್‌ಡೋಸ್ ಕಂಪನಿಯ ಗಾಲ್ಮ್, ಈಚೆಗೆ ರೆವ್-ಡಿಯ ಆರ್‌ಡಿಎಕ್ಸ್ ಇದೇ ಸಾಲಿನವು. ಇವತ್ತು ಜಗತ್ತಿನ ಬಹುಪಾಲು ಡ್ರಿಫ್ಟ್ ಅಂಕಣಗಳಲ್ಲಿ ಓಡುವುದು ಹಿಂಚಕ್ರದ ಕಾರುಗಳೇ.

ಗೈರೋ ಹಾಕುವುದು ಮೋಸವಲ್ಲವೇ ಎಂಬ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಕಾರನ್ನು ಓಡಿಸುತ್ತಿರುವವನು ಮನುಷ್ಯನೋ ಪೆಟ್ಟಿಗೆಯೋ? ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಕಾರನ್ನು ಹತ್ತನೆಯ ಒಂದಕ್ಕೆ ಕುಗ್ಗಿಸಿದರೂ ಗುರುತ್ವ ಕುಗ್ಗುವುದಿಲ್ಲ. ಆದ್ದರಿಂದ ಜಾರುವುದು, ಓಲಾಡುವುದು, ಸುತ್ತುವುದು ಎಲ್ಲವೂ 10ರ ವರ್ಗಮೂಲದಷ್ಟು, ಅಂದರೆ ಸುಮಾರು 3.2 ಪಟ್ಟು ಬೇಗ ನಡೆದುಹೋಗುತ್ತವೆ. ಕಣ್ಣು ಕಂಡು ಬೆರಳು ಆಡಲು ಮನುಷ್ಯನಿಗೆ 0.2 ಸೆಕೆಂಡಾದರೂ ಬೇಕು. ಪುಟ್ಟ ಕಾರಿನ ಲೆಕ್ಕದಲ್ಲಿ ಅದು ನಿಜವಾದ ಕಾರಿನ ಚಾಲಕ 0.6 ಸೆಕೆಂಡು ತಡವಾಗಿ ಸ್ಟಿಯರಿಂಗ್ ತಿರುಗಿಸಿದ ಹಾಗೆ. ಅಷ್ಟು ತಡವಾದರೆ ತ್ಸುಚಿಯಾ ಕೂಡ ಗೋಡೆಗೆ ಗುದ್ದಿಯಾರು. ಮೇಲಾಗಿ ನಿಜವಾದ ಚಾಲಕನಿಗೆ ಕೂತ ಸೀಟಿನಿಂದಲೇ ಜಾರಿಕೆಯ ಸುಳಿವು ಸಿಗುತ್ತದೆ. ರಿಮೋಟು ಹಿಡಿದು ಹೊರಗೆ ನಿಂತವನಿಗೆ ಕಣ್ಣೊಂದೇ ಗತಿ. ಗೈರೋ ತುಂಬಿಕೊಡುವುದು ಈ ಕೊರತೆಯನ್ನು. ಎಲ್ಲಿಗೆ ಹೋಗಬೇಕು, ಎಷ್ಟು ಓರೆ, ಮುಂದಿನ ಕಾರಿಗೆ ಎಷ್ಟು ಹತ್ತಿರ ಎಂಬುದೆಲ್ಲ ಇನ್ನೂ ಬೆರಳಿನದ್ದೇ.

ಆಕ್ಷೇಪದಲ್ಲಿ ನಿಜವಾದ ತೂಕ ಇರುವುದು ಬೇರೆ ಕಡೆ. ಒಳ್ಳೆಯ ಗೈರೋ, ಚುರುಕು ಸರ್ವೋ ಸೇರಿದರೆ ಸಾಧಾರಣ ಚಾಸಿಸ್ಸೂ ಚೆನ್ನಾಗಿಯೇ ಓಡುತ್ತದೆ. ಹಾಗಿರುವಾಗ ಇಂಥ ಚಾಸಿಸ್ ಬಹಳ ಸ್ಥಿರ ಎಂದು ಯಾರಾದರೂ ಹೊಗಳಿದರೆ ಆ ಹೊಗಳಿಕೆ ಯಾರ ಪಾಲಿಗೆ ಸೇರಬೇಕು?

ಮೋಟಾರು ಎಲ್ಲಿ ಕೂರಬೇಕು

ಹಿಂಚಕ್ರದವರ ಒಳಗೇ ಮತ್ತೊಂದು ಬಿರುಕು. ಸಿಲ್ವಿಯಾ, ಎಇ86 ಮೊದಲಾದ ಅಸಲಿ ಕಾರುಗಳ ಎಂಜಿನ್ ಮುಂದಿದೆ. ಹಾಗಾಗಿ ಮಾದರಿಯಲ್ಲೂ ಮೋಟಾರು ಮುಂದೆಯೇ ಇರಲಿ, ಓಲಾಟವೂ ತೂಕದ ಹಂಚಿಕೆಯೂ ಅಸಲಿಯಂತೆ ಇರಲಿ ಎಂಬುದು ಒಂದು ವಾದ. ಎಂಎಸ್‌ಟಿಯ ಎಫ್‌ಎಕ್ಸ್‌ಎಕ್ಸ್-ಡಿ ಹೀಗೆ ಮುಂದೆ ಮೋಟಾರಿಟ್ಟು ಶಾಫ್ಟಿನಿಂದ ಹಿಂಚಕ್ರ ತಿರುಗಿಸಿತು. ಬಾನೆಟ್ ಎತ್ತಿದರೆ ಎಂಜಿನ್ ಇರಬೇಕಾದಲ್ಲೇ ಮೋಟಾರು. ಅಂದಕ್ಕೆ ಸೋಲುವವರಿಗೆ ಇದಕ್ಕಿಂತ ಬೇರೆ ಬೇಕಿಲ್ಲ.

ಎದುರು ಪಕ್ಷದವರದು ಒರಟು ಲೆಕ್ಕ. ಗಟ್ಟಿ ಪ್ಲಾಸ್ಟಿಕ್ ಟೈರಿಗೆ ಹಿಡಿತವೇ ಕಡಿಮೆ; ತಳ್ಳುವ ಚಕ್ರದ ಮೇಲೆ ಭಾರ ಬೀಳದಿದ್ದರೆ ಕಾರು ನಿಂತಲ್ಲೇ ಚಕ್ರ ಸುತ್ತಿಸುತ್ತದೆ, ಮುಂದೆ ಹೋಗುವುದಿಲ್ಲ. ಆದ್ದರಿಂದ ಮೋಟಾರನ್ನು ಹಿಂದಕ್ಕೆ ತಳ್ಳಿದರು, ಬ್ಯಾಟರಿಯನ್ನೂ ತಳ್ಳಿದರು, ಆಮೇಲೆ ಮೋಟಾರನ್ನು ಗೇರುಪೆಟ್ಟಿಗೆಯ ಹೆಗಲ ಮೇಲೆ ಎತ್ತರಿಸಿ ಕೂರಿಸಿದರು. ರೇಸ್ ಕಾರು ಕಟ್ಟುವವರಿಗೆ ಇದು ಹುಚ್ಚೆನಿಸುತ್ತದೆ. ಭಾರ ಕೆಳಗಿರಬೇಕೆಂಬುದು ಅವರ ಮೊದಲ ಪಾಠ. ಆದರೆ ಡ್ರಿಫ್ಟಿನಲ್ಲಿ ಭಾರ ಹಿಂದೆಮುಂದೆ ತೂಗಾಡುವುದೇ ಬೇಕು. ಎತ್ತರದ ಭಾರ ವೇಗ ಹೆಚ್ಚಿಸಿದಾಗ ಹಿಂಚಕ್ರದ ಮೇಲೆ ಇನ್ನಷ್ಟು ವಾಲುತ್ತದೆ. ಮೋಟಾರಿನ ಒಳಗಿನ ತಿರುಗುಣಿ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದೂ ಲೆಕ್ಕಕ್ಕೆ ಬಂತು. ಅದು ಚಕ್ರ ತಿರುಗುವ ದಿಕ್ಕಿಗೇ ತಿರುಗಿದರೆ ನ್ಯೂಟನ್ನನ ಮೂರನೆಯ ನಿಯಮದಂತೆ ಚಾಸಿಸ್ಸಿನ ಮೂತಿ ಮೇಲೆದ್ದು ಹಿಂಬದಿ ಕುಕ್ಕರಿಸುತ್ತದೆ, ಹಿಡಿತ ಹೆಚ್ಚುತ್ತದೆ. ಗೇರುಪೆಟ್ಟಿಗೆಯಲ್ಲಿ ಒಂದು ಗೇರು ಹೆಚ್ಚೋ ಕಡಿಮೆಯೋ ಎಂಬುದರಿಂದ ಈ ದಿಕ್ಕು ಬದಲಾಗುತ್ತದೆ. ಒಂದೇ ಚಾಸಿಸ್ಸಿಗೆ ಎರಡು ಬಗೆಯ ಗೇರುಪೆಟ್ಟಿಗೆ ಸಿಗುವುದು ಇದೇ ಕಾರಣಕ್ಕೆ.

ಸ್ಟಿಯರಿಂಗ್ ವಿಚಾರದಲ್ಲಿ ಮಾತ್ರ ಎರಡೂ ಪಕ್ಷದವರು ಒಂದೇ ದೋಣಿಯಲ್ಲಿದ್ದಾರೆ. ಮುಂಚಕ್ರ 70 ಡಿಗ್ರಿ ಆಸುಪಾಸು ಹೊರಳಬೇಕು. ಅಷ್ಟು ಹೊರಳಿದಾಗ ಎಡ-ಬಲ ಚಕ್ರಗಳ ಕೋನದ ವ್ಯತ್ಯಾಸ ಎಷ್ಟಿರಬೇಕು ಎಂಬ ಲೆಕ್ಕದ ಮೂಲ ಕುದುರೆಗಾಡಿಗಳ ಕಾಲದ್ದು. ಮ್ಯೂನಿಕ್ಕಿನ ಗಾಡಿಕಾರ ಲಾಂಕೆನ್ಸ್‌ಪರ್ಗರ್ ಕಂಡುಹಿಡಿದು, 1818ರಲ್ಲಿ ರುಡಾಲ್ಫ್ ಆಕರ್ಮನ್ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಆ ಜೋಡಣೆಯನ್ನು ಡ್ರಿಫ್ಟಿನವರು ತಮಗೆ ಬೇಕಾದಂತೆ ತಿದ್ದುತ್ತಲೇ ಇದ್ದಾರೆ.

ಪ್ಲಾಸ್ಟಿಕ್ಕೋ ಕಾರ್ಬನ್ನೋ

ಹೆಚ್ಚು ಮಾತಾಗುವುದು ಇದರ ಬಗ್ಗೆ, ಹುರುಳು ಕಡಿಮೆ ಇರುವುದೂ ಇದರಲ್ಲೇ. ಕಾರ್ಬನ್ ಫೈಬರಿನ ತಟ್ಟೆ ಬಿಗಿ, ಹಗುರ, ನೋಡಲು ಸೊಗಸು. ಅಂಥ ಚಾಸಿಸ್ಸಿನ ಬೆಲೆಗೆ ಪ್ಲಾಸ್ಟಿಕ್ಕಿನ ಎರಡು ಮೂರು ಬರುತ್ತವೆ. ಪ್ಲಾಸ್ಟಿಕ್ ತಳ ಸ್ವಲ್ಪ ಬಾಗುತ್ತದೆ. ಹಿಡಿತ ಕಡಿಮೆಯಿರುವ ನೆಲದಲ್ಲಿ ಆ ಬಾಗು ಒಳ್ಳೆಯದೇ ಮಾಡುತ್ತದೆ ಎನ್ನುವವರಿದ್ದಾರೆ. ಗೋಡೆಗೆ ಗುದ್ದಿಸಿಕೊಂಡು ಕಲಿಯುವ ಮೊದಲ ವರ್ಷದಲ್ಲಿ ಮುರಿಯುವುದು ತಟ್ಟೆಯಲ್ಲ, ಮುಂದಿನ ತೋಳು. ಅದರ ಬಿಡಿಭಾಗ ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದು ತಟ್ಟೆ ಯಾವುದೆನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಭಾರತದಲ್ಲಂತೂ ಇನ್ನೂ ದೊಡ್ಡದು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ವಿದೇಶದಿಂದ ತರಿಸುವ ಪೆಟ್ಟಿಗೆಯನ್ನು ಸುಂಕದವರು ಆಟಿಕೆ ಎಂದು ಕರೆದರೆ ಅಗ್ಗದ ಚಾಸಿಸ್ ಅಗ್ಗವಾಗಿ ಉಳಿಯುವುದಿಲ್ಲ.

ಕಾಲಡಿಯ ನೆಲ

ಪಂಥಗಳ ಪಟ್ಟಿ ಓದಿ ತಲೆ ತಿರುಗಿದವರು ಒಮ್ಮೆ ಕೆಳಗೆ ನೋಡಿದರೆ ಒಳ್ಳೆಯದು. ಜಪಾನಿನ ಆಟಗಾರ ಚಾಸಿಸ್ ಕೊಳ್ಳುವಾಗ ಅವನ ತಲೆಯಲ್ಲಿ ತಾನು ಹೋಗುವ ಅಂಕಣವೊಂದು ಇರುತ್ತದೆ. ಅದರ ನೆಲ ಕಾರ್ಪೆಟ್ಟೋ, ಟೈಲ್ಸೋ, ಉಜ್ಜಿದ ಕಾಂಕ್ರೀಟೋ ಗೊತ್ತಿರುತ್ತದೆ. ಅಲ್ಲಿ ಎಲ್ಲರೂ ಒಂದೇ ಜಾತಿಯ ಟೈರು ಹಾಕಬೇಕೆಂಬ ಕಟ್ಟಳೆಯೂ ಎಷ್ಟೋ ಕಡೆ ಇದೆ. ಚಾಸಿಸ್ಸಿನ ಗುಣದೋಷದ ಮಾತೆಲ್ಲ ಆ ನೆಲ, ಆ ಟೈರಿನ ಮೇಲೆ ನಿಂತ ಮಾತು.

ಕುಂದಾಪುರ ಸೀಮೆಯಲ್ಲಿ ಆಡುವ ಜಾಗ ಯಾವುದು? ಹಳೆ ಮನೆಯ ಚಾವಡಿಯ ಕಾವಿ ನೆಲ, ಹೊಸ ಮನೆಯ ನುಣುಪು ಟೈಲ್ಸು, ಸಿಮೆಂಟಿನ ಅಂಗಳ, ಇಂಟರ್‌ಲಾಕ್ ಹಾಸಿದ ಗೇಟಿನ ದಾರಿ, ಹೆಚ್ಚೆಂದರೆ ಕಲ್ಯಾಣಮಂಟಪದ ಅಥವಾ ಶಟಲ್ ಅಂಕಣದ ನೆಲ. ಇಂಟರ್‌ಲಾಕಿನ ಸಂದುಗಳಲ್ಲಿ, ಹೊಯಿಗೆ ಹಾರಿ ಬೀಳುವ ಅಂಗಳದಲ್ಲಿ ತೆಳು ತಳದ ಕಾರ್ಬನ್ ಚಾಸಿಸ್ ಎರಡು ದಿನ ಬಾಳುವುದೂ ಕಷ್ಟ. ಅಲ್ಲಿಗೆ ಮುಚ್ಚಿದ ಗೇರುಪೆಟ್ಟಿಗೆಯ ನಾಲ್ಕು ಚಕ್ರದ ಟಿಟಿ-02ಡಿಯೇ ಸರಿ, ಹಳೆಯದು ಎಂದು ಮೂಗು ಮುರಿಯಬೇಕಿಲ್ಲ. ನುಣುಪು ನೆಲದ ಹಾಲ್ ಸಿಗುವವರು ಮಾತ್ರ ಹಿಂಚಕ್ರ ಮತ್ತು ಗೈರೋದ ಕಡೆ ಹೋಗಲಿ; ಅವರಿಗೂ ಹಿಂಭಾರದ ಚಾಸಿಸ್ ಒಳ್ಳೆಯದು, ಏಕೆಂದರೆ ಟೈಲ್ಸಿನ ಮೇಲೆ ಹಿಡಿತವೆಂಬುದೇ ಇಲ್ಲ.

ಜೂನ್ ಬಂತೆಂದರೆ ನಾಲ್ಕು ತಿಂಗಳು ಅಂಗಳದ ಮಾತೇ ಇಲ್ಲ. ಆಗ ನೆನಪಿಗೆ ಬರಬೇಕಾದ್ದು ಇನ್ನೂ ಚಿಕ್ಕ ಅಳತೆ. ಕ್ಯೋಶೊ ಕಂಪನಿ 1999ರಲ್ಲಿ ಆರಂಭಿಸಿದ ಮಿನಿ-ಜಡ್ ಸಾಲು, ಅದೇ ಗಾತ್ರದ ಚೀನಾದ ಡಬ್ಲ್ಯುಎಲ್‌ಟಾಯ್ಸ್ ಕೆ969 ಇವು 28ನೆಯ ಒಂದು ಅಳತೆಯವು. ಊಟದ ಮೇಜಿನ ಸುತ್ತಲೇ ಒಂದು ಘಟ್ಟದ ದಾರಿ ಆಗುತ್ತದೆ. ಹತ್ತನೆಯ ಒಂದರವರು ಇವನ್ನು ಮಕ್ಕಳಾಟಿಕೆ ಎನ್ನುತ್ತಾರೆ. ಆದರೆ ಮೇಲೆ ಹೇಳಿದ ವರ್ಗಮೂಲದ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: 28ರ ವರ್ಗಮೂಲ 5.3, ಅಂದರೆ ಈ ಪುಟಾಣಿ ಇನ್ನೂ ಅವಸರದ್ದು, ಓಡಿಸುವುದು ಇನ್ನೂ ಕಷ್ಟ.

ಟೈರಿನ ಮಟ್ಟಿಗೆ ಈ ಸೀಮೆಯವರಿಗೆ ಒಂದು ಅನುಕೂಲ ಇದೆ. ತೋಟದ ನೀರಾವರಿಗೆ ಬಳಸುವ 63 ಮಿ.ಮೀ. ಪಿವಿಸಿ ಪೈಪಿನ ಹೊರ ಅಳತೆ ಹತ್ತನೆಯ ಒಂದರ ಡ್ರಿಫ್ಟ್ ಟೈರಿಗೆ ಬಹಳ ಹತ್ತಿರ. ಒಳ ಅಳತೆ ಮಾತ್ರ ಪೈಪಿನ ದಪ್ಪದಂತೆ ಬದಲಾಗುವುದರಿಂದ ಚಕ್ರಕ್ಕೆ ಹಿಡಿದು ನೋಡಿಯೇ ಕತ್ತರಿಸಬೇಕು. ಪ್ರಯೋಗಕ್ಕೆ ಖರ್ಚಿಲ್ಲ.

ಇತ್ಯರ್ಥವಾಗದವು

ಚಾಸಿಸ್ಸಿನ ಗುಣವನ್ನು ಗೈರೋದ ಗುಣದಿಂದ ಬೇರ್ಪಡಿಸಿ ಅಳೆಯುವ ಒಪ್ಪಿತ ವಿಧಾನ ಆಟಗಾರರ ಕೈಯಲ್ಲಿಲ್ಲ. ಒಂದೇ ಗೈರೋ, ಒಂದೇ ಸರ್ವೋ, ಒಂದೇ ಟೈರು ಇಟ್ಟು ಚಾಸಿಸ್ ಮಾತ್ರ ಬದಲಿಸಿ ಓಡಿಸಬಹುದು. ಆದರೆ ಗೇನನ್ನು ಪ್ರತಿ ಚಾಸಿಸ್ಸಿಗೂ ಹೊಂದಿಸಬೇಕೇ, ಒಂದೇ ಇಡಬೇಕೇ? ಹೊಂದಿಸಿದರೆ ಹೋಲಿಕೆ ಕೆಡುತ್ತದೆ, ಹೊಂದಿಸದಿದ್ದರೆ ಅನ್ಯಾಯವಾಗುತ್ತದೆ.

ಭಾರವನ್ನು ಎಷ್ಟು ಹಿಂದಕ್ಕೆ ಒಯ್ಯಬಹುದು ಎಂಬುದಕ್ಕೂ ಗಡಿ ಗೊತ್ತಾಗಿಲ್ಲ. ಹಿಂದೆ ಹೆಚ್ಚಿದಷ್ಟೂ ಮುಂಚಕ್ರ ಹಗುರಾಗಿ, ಅದು ತಿರುಗಿದ ಕಡೆ ಕಾರು ಹೋಗುವುದಿಲ್ಲ. ಕೆಲವು ವರ್ಷ ಹಿಂದಕ್ಕೆ, ಮತ್ತೆ ಕೆಲವು ವರ್ಷ ನಡುವಿಗೆ ಎಂದು ತಯಾರಕರೇ ಉಯ್ಯಾಲೆಯಾಡುತ್ತಿದ್ದಾರೆ. ನಾಲ್ಕು ಚಕ್ರದ ಕಾರನ್ನು ಹಿಂಚಕ್ರದವುಗಳ ಜೊತೆ ಒಂದೇ ಸ್ಪರ್ಧೆಗೆ ಬಿಡಬೇಕೇ, ಅದಕ್ಕೆ ಬೇರೆ ವಿಭಾಗ ಬೇಕೇ ಎಂಬುದರಲ್ಲೂ ಒಮ್ಮತವಿಲ್ಲ.

ಕಡಲ ದಂಡೆಯವರ ಪ್ರಶ್ನೆ ಬೇರೆಯದೇ. ಕಾರ್ಬನ್ನಿಗೂ ಪ್ಲಾಸ್ಟಿಕ್ಕಿಗೂ ತುಕ್ಕಿಲ್ಲ, ಆದರೆ ಅವನ್ನು ಹಿಡಿದಿಡುವ ಉಕ್ಕಿನ ಸ್ಕ್ರೂ, ಚಕ್ರದ ಪುಟ್ಟ ಬೇರಿಂಗ್ ಉಪ್ಪುಗಾಳಿಗೆ ಬೇಗ ಸೋಲುತ್ತವೆ. ನೈಲಾನಿನ ಭಾಗಗಳು ಗಾಳಿಯ ತೇವ ಹೀರಿ ಸ್ವಲ್ಪ ಮೆತ್ತಗಾಗುತ್ತವೆ, ಹಾಗಾಗಿ ಮೇ ತಿಂಗಳಲ್ಲಿ ಹೊಂದಿಸಿಟ್ಟ ಕಾರು ಆಗಸ್ಟಿನಲ್ಲಿ ಹಾಗೇ ಓಡಬೇಕೆಂದಿಲ್ಲ. ಟೈರಿನ ಪೊಟ್ಟಣದ ಮೇಲೆ ಕಾರ್ಪೆಟ್, ಡಾಂಬರು, ಕಾಂಕ್ರೀಟು ಎಂದು ಬರೆದಿರುತ್ತದೆ. ಮೇಣ ತಿಕ್ಕಿದ ಕಾವಿ ನೆಲಕ್ಕೆ ಯಾವುದು ಎಂಬುದನ್ನು ಇಲ್ಲಿಯವರೇ ಓಡಿಸಿ ತಿಳಿಯಬೇಕು; ಅಲ್ಲಿಯವರೆಗೆ ಆ ನೆಲಕ್ಕೆ ಯಾವ ಚಾಸಿಸ್ ಎಂಬ ಪ್ರಶ್ನೆಯೂ ಬಾಕಿ.